ಓಡಾಡಿದರೆ ಬೇಗ ಬರುವ ಬೆಳಕು

"ಸ್ವಲ್ಪ ಓಡಾಡಿ ಅಕ್ಕ. ನೀವು ಓಡಾಡಿದ್ರೆ ಬೇಗ ಬರ್ತವೆ," ಎಂದ ಆಗತ್ತೆ.

ಅದು ಅವನ ಹೆಸರಲ್ಲ. ಪ್ರಯೋಗಶಾಲೆಯ ತಂತ್ರಜ್ಞ ಆತ. ಯಂತ್ರ ಕೆಟ್ಟರೂ, ನಲ್ಲಿ ಸೋರಿದರೂ, ಯಾರು ಗೋಳಾಡಿದರೂ 'ಆಗತ್ತೆ ಬಿಡಿ' ಎನ್ನುತ್ತಿದ್ದುದರಿಂದ ಆ ಮಾತೇ ಅವನಿಗೆ ಅಂಟಿಕೊಂಡಿತ್ತು. ಅವನ ಮದುವೆಯ ಕರೆಯೋಲೆ ಬಂದಾಗ ಒಳಗಿನ ಹೆಸರು ಓದಿ 'ಯಾರಪ್ಪ ಈ ವರ?' ಎಂದು ಕೇಳಿದವರಿದ್ದಾರೆ. ತನಗಿಂತ ಚಿಕ್ಕವರನ್ನೂ ಅಕ್ಕ, ಅಣ್ಣ ಎನ್ನುವುದು ಅವನ ರೂಢಿ.

ಅಕ್ಕ ಎನಿಸಿಕೊಂಡವಳಿಗೂ ಅಲ್ಲೊಂದು ಅಡ್ಡಹೆಸರಿತ್ತು: ಪಾದರಸ. ಅದನ್ನಿಟ್ಟವರು ಮೇಷ್ಟ್ರು. ಅವಳ ಸಂಶೋಧನೆಗೆ ಮಾರ್ಗದರ್ಶಕರು ಅವರೇ. 'ಈ ಹುಡುಗಿ ಕುರ್ಚಿ ಮೇಲೆ ಕೂತಿದ್ದನ್ನ ಕುರ್ಚಿಯೇ ನೋಡಿಲ್ಲ' ಎನ್ನುತ್ತಿದ್ದರು. ಸುಳ್ಳಲ್ಲ. ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಅವಳು ಎಷ್ಟು ಸವೆಸಿದ್ದಳೆಂದರೆ ಕಿಟಕಿಯ ಹತ್ತಿರದ ನೆಲದ ಹಲಗೆಯೊಂದು ಸಡಿಲಾಗಿ, ಕಾಲಿಟ್ಟಾಗಲೆಲ್ಲ 'ಟಕ್' ಎನ್ನುತ್ತಿತ್ತು.

ಇವತ್ತಂತೂ ಆ ಹಲಗೆಗೆ ಬಿಡುವೇ ಇರಲಿಲ್ಲ. ಊಟದ ಹೊತ್ತು ಕಳೆದ ಮೇಲೆ ಪರೀಕ್ಷಕಿ ಬರುವವರಿದ್ದರು. ಅವಳ ಪ್ರಬಂಧ ಓದಿ ಆಗಿದೆ. ಆದರೆ ಓದಿದ್ದನ್ನು ಕಣ್ಣಾರೆ ನೋಡದೆ ಸಹಿ ಹಾಕುವ ಪೈಕಿ ಅಲ್ಲ ಅವರು. ನಾಲ್ಕು ಗೆರೆ ಒಟ್ಟಿಗೆ ನಿಂತರೆ ಪಾದರಸ ಇವತ್ತೇ ಡಾಕ್ಟರ್. ನಿಲ್ಲದಿದ್ದರೆ ಇಷ್ಟು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಆ ನಾಲ್ಕು ಗೆರೆಯ ಕತೆ ಹೀಗೆ. ಮೇಜಿನ ಮೇಲೆ ಗಾಜಿನ ಎಳೆಯದೊಂದು ಉಂಗುರ. ಕೂದಲಿನಷ್ಟು ಸಣ್ಣ ಎಳೆ. ಅದರ ಒಂದಷ್ಟು ಉದ್ದಕ್ಕೆ ಎರ್ಬಿಯಂ ಎಂಬ ಧಾತುವನ್ನು ಚಿಟಿಕೆಗಿಂತಲೂ ಕಡಿಮೆ ಬೆರೆಸಿದ್ದಾರೆ. ಪುಟ್ಟ ಲೇಸರೊಂದು ಅದಕ್ಕೆ ಬೆಳಕು ಉಣಿಸುತ್ತದೆ. ಉಂಡ ಎರ್ಬಿಯಂ ಅದನ್ನೇ ಬೇರೆ ಬಣ್ಣದ ಬೆಳಕಾಗಿ ಬಿಟ್ಟುಕೊಡುತ್ತದೆ. ಆ ಬೆಳಕು ಉಂಗುರದಲ್ಲಿ ಸುತ್ತಿ ಸುತ್ತಿ ಬಲಿಯುತ್ತದೆ. ದಾರಿಯಲ್ಲೊಂದು ಜರಡಿ, ನಾಲ್ಕು ಬಣ್ಣಗಳನ್ನು ಮಾತ್ರ ದಾಟಲು ಬಿಡುತ್ತದೆ. ಬಣ್ಣ ಎಂದದ್ದು ಮಾತಿಗೆ. ಅವು ಕಣ್ಣಿಗೆ ಕಾಣುವಂಥವಲ್ಲ. ಪಕ್ಕದ ಯಂತ್ರದ ಪರದೆಯಲ್ಲಿ ನಾಲ್ಕು ನೆಟ್ಟನೆಯ ಗೆರೆಗಳಾಗಿ ಏಳುತ್ತವೆ, ಅಷ್ಟೇ.

ಕಷ್ಟ ಇರುವುದು ಆ ಉಣ್ಣುವುದರಲ್ಲಿ. ನಾಲ್ಕೂ ಬಣ್ಣ ಕೈ ಹಾಕುವುದು ಎರ್ಬಿಯಂ ಎಂಬ ಒಂದೇ ಪಾತ್ರೆಗೆ. ಯಾವುದೋ ಒಂದು ಕೂದಲೆಳೆಯಷ್ಟು ಬಲವಾಗಿದ್ದರೆ ಸಾಕು, ಪಾತ್ರೆ ಬಳಿದು ತಾನೇ ಉಬ್ಬುತ್ತದೆ. ಉಳಿದ ಮೂರು ಉಪವಾಸ ಮಲಗುತ್ತವೆ. ಈ ಜಗಳ ಬಿಡಿಸಲು ಎಳೆಯನ್ನು ವಿಪರೀತ ತಣ್ಣಗೆ ಮಾಡುವವರಿದ್ದಾರೆ. ಹಾಗೆ ಮಾಡಿದರೆ ಪಾತ್ರೆ ಒಡೆದು ಒಬ್ಬೊಬ್ಬರಿಗೆ ಒಂದೊಂದು ಬಟ್ಟಲು ಆದಂತೆ. ಆದರೆ ಮೇಷ್ಟ್ರಿಗೆ ಅದು ಒಗ್ಗದು. "ಮಂಜುಗಡ್ಡೆಯಲ್ಲಿ ಯಾರು ಬೇಕಾದ್ರೂ ತೆಪ್ಪಗಿರ್ತಾರೆ. ಕೋಣೆಯ ಬಿಸಿಯಲ್ಲಿ ನಿಲ್ಸಿ ತೋರ್ಸು, ಅದು ಕೆಲಸ," ಎಂದಿದ್ದರು. ಪಾದರಸ ನಿಲ್ಲಿಸಿ ತೋರಿಸಿದ್ದಳು. ಅದೇ ಅವಳ ಪ್ರಬಂಧ.

ಬೆಳಿಗ್ಗೆ ಯಂತ್ರ ಹಾಕಿದಾಗ ಮೊದಲು ಒಂದೇ ಗೆರೆ. ಆಮೇಲೆ ಇನ್ನೊಂದು, ತಡೆದು ಮತ್ತೊಂದು, ಕೊನೆಗೆ ನಾಲ್ಕನೆಯದು. ಎಳೆ ಬೆಚ್ಚಗಾಗಲು ಹೊತ್ತು ಹಿಡಿಯುತ್ತದೆ ಎಂದು ಅವರು ಕಂಡುಕೊಂಡಿದ್ದರು. ಪ್ರಬಂಧದ ಮೂರನೆಯ ಅಧ್ಯಾಯ ಪೂರ್ತಿ ಅದರ ಮೇಲೆಯೇ. ಒಮ್ಮೆ ಬೆಚ್ಚಗಾಯಿತೋ, ನಾಲ್ಕೂ ಕಲ್ಲಿನಲ್ಲಿ ಕೆತ್ತಿದ ಹಾಗೆ. 'ಇಡೀ ದಿನ ನಿಂತಿರ್ತವೆ ಕಣ್ರೀ, ಒಂದು ಚೂರು ಮಿಸುಕಲ್ಲ' ಎಂದು ಮೇಷ್ಟ್ರು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದರು. ಪಾದರಸ ಓಡಾಡುತ್ತಿದ್ದರೆ ಗೆರೆಗಳು ಬೇಗ ಬರುತ್ತವೆ ಎನ್ನುವುದು ಮಾತ್ರ ಆಗತ್ತೆಯ ಸ್ವಂತ ಶಾಸ್ತ್ರ. ಅದು ಪ್ರಬಂಧದಲ್ಲಿ ಇರಲಿಲ್ಲ.

"ನೋಡಿ, ನಾಲ್ಕೂ ಬಂದ್ವು. ನಿಮ್ಮ ಕಾಲ್ಗುಣ," ಎಂದ ಅವನು.

"ನನ್ನ ಕಾಲ್ಗುಣ ಅಲ್ಲ, ಕಾಲುನೋವು," ಎಂದಳು ಅವಳು. ಅಷ್ಟರಲ್ಲಿ ಅಮ್ಮನ ಫೋನು ಬಂತು.

"ನಿಂತ್ವೇನೇ ನಿನ್ನ ನಾಲ್ಕು ಮಕ್ಕಳು?" ಅಮ್ಮ ಆ ಗೆರೆಗಳನ್ನು ಕರೆಯುತ್ತಿದ್ದುದೇ ಹಾಗೆ.

"ನಿಂತಿವೆ ಅಮ್ಮ."

"ಪುಣ್ಯವಂತೆ. ನನ್ನ ನಾಲ್ಕು ಯಾವತ್ತು ಒಟ್ಟಿಗೆ ನಿಂತಿದ್ವು? ಗೋಡೆ ಮೇಲಿನ ಫೋಟೋದಲ್ಲಿ ಮಾತ್ರ ನಿಂತಿವೆ, ಅದೂ ಸುಳ್ಳು. ಫೋಟೋದೋನು ಬಟ್ಟೆಯೊಳಗೆ ತಲೆ ಹಾಕೋ ಹೊತ್ತಿಗೆ ನೀನು ಸ್ಟೂಲು ಬಿಟ್ಟು ಓಡಿರ್ತಿದ್ದೆ. ನಿನ್ನ ಹಿಡಿಯೋಕೆ ನಿನ್ನಣ್ಣ. ಅವನ ಬಯ್ಯೋಕೆ ದೊಡ್ಡಕ್ಕ. ಕೊನೆಗೆ ಪುಣ್ಯಾತ್ಮ ಒಬ್ಬೊಬ್ಬರದೇ ತೆಗೆದು ಅಂಟಿಸಿಕೊಟ್ಟ. ಬಂದೋರೆಲ್ಲ ನೋಡಿ, ಎಷ್ಟು ಶಿಸ್ತಿನ ಮಕ್ಕಳಪ್ಪ ಅಂತಾರೆ."

"ಆಯ್ತಮ್ಮ, ಕೆಲಸ ಇದೆ, ಇಡ್ತೀನಿ."

"ಇಡು. ಏನಾದ್ರೂ ತಿಂದಿದ್ಯಾ? ಓಡಾಡ್ಬೇಡ. ಕೂತ್ಕೊ."

ಅವಳು ಕೂತಳು. ಮತ್ತೆ ಎದ್ದಳು. ಮೇಜಿನ ಧೂಳು ಒರೆಸಿದಳು, ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದಳು. ಉಂಗುರದಿಂದ ಪರದೆಗೆ ಹೋಗುವ ಎಳೆಯ ತುದಿ ಕೊಳೆಯಾಗಿರಬಹುದೇ ಎಂಬ ಹುಳ ತಲೆ ಹೊಕ್ಕಿತು. ಕೊಳೆಯಾಗಿರಲಿಲ್ಲ, ನಿನ್ನೆ ಸಂಜೆ ತಾನೇ ಒರೆಸಿದ್ದಳು. ಆದರೆ ಸುಮ್ಮನಿರಲಾರದ ಕೈಗೆ ಏನಾದರೊಂದು ನೆಪ ಬೇಕಲ್ಲ.

ತುದಿ ಬಿಚ್ಚಬೇಕಾದರೆ ಉಣಿಸುವ ಲೇಸರನ್ನು ಆರಿಸಬೇಕು, ಕಣ್ಣಿಗೆ ಅಪಾಯ. ಮೇಷ್ಟ್ರ ನಿಯಮವೆಂದರೆ ಮೊದಲು ಪರದೆ ಆರಿಸಬೇಕು, ಆಮೇಲೆ ಬೆಳಕು. ಆ ಪರದೆಯ ಯಂತ್ರ ಬೇರೆ ವಿಭಾಗದಿಂದ ಕೈಕಾಲು ಹಿಡಿದು ತಂದ ಮುದಿ ಜೀವ. ಅದನ್ನು ಜೋಪಾನವಾಗಿ ಮಲಗಿಸದೆ ಬೇರೇನನ್ನೂ ಮುಟ್ಟುವಂತಿಲ್ಲ. ದಿನವೂ ಹಾಗೆಯೇ ನಡೆದುಕೊಂಡು ಬಂದಿತ್ತು. ಇವತ್ತು ಅವಳಿಗೆ ಅಷ್ಟು ತಾಳ್ಮೆ ಇರಲಿಲ್ಲ. ಪರದೆಯನ್ನು ಹಾಗೆಯೇ ಬಿಟ್ಟು ಲೇಸರಿನ ಕೀಲಿ ತಿರುಗಿಸಿದಳು. ಬೆಳಕು ಉಣ್ಣುವಾಗ ಎರ್ಬಿಯಂ ಎಳೆಯಲ್ಲಿ ಕಣ್ಣಿಗೆ ಕಾಣುವಂತೆ ಮಿನುಗುತ್ತಿದ್ದ ಮಂದ ಹಸಿರು ಆರಿತು. ತುದಿ ಬಿಚ್ಚಿದಳು, ಒರೆಸಿದಳು, ತಲೆ ಎತ್ತಿದಳು.

ಪರದೆಯ ಮೇಲೆ ನಾಲ್ಕು ಗೆರೆ ನಿಂತಿದ್ದವು. ಒಂದು ಚೂರೂ ಮಿಸುಕದೆ.

ಅವಳು ಕೈಯಲ್ಲಿದ್ದ ತುದಿಯನ್ನು ನೋಡಿದಳು. ಅದನ್ನು ಪರದೆಗೆ ಸಿಕ್ಕಿಸಿರಲಿಲ್ಲ. ಕೀಲಿ ನೋಡಿದಳು. ಆರಿತ್ತು.

"ಇಲ್ಲಿ ಬಾ," ಎಂದಳು.

ಆಗತ್ತೆ ಬಂದು ನೋಡಿ ನಕ್ಕುಬಿಟ್ಟ. "ಅಯ್ಯೋ ಅಕ್ಕ, ಕರೆಂಟೇ ಇಲ್ದೆ ನಡೀತಿದೆ! ಇದಕ್ಕೆ ಎರಡು ಪದವಿ ಕೊಡ್ಬೇಕು..." ಮಾತು ಅಲ್ಲಿಗೆ ನಿಂತಿತು. ಅವನ ಕಣ್ಣು ಪರದೆಯ ಮೂಲೆಯಲ್ಲಿದ್ದ ಇರುವೆಯಷ್ಟು ಅಕ್ಷರಗಳ ಮೇಲೆ ಬಿದ್ದಿತ್ತು. "ಅಕ್ಕ... ಮ್ಯಾಕ್ಸ್ ಹೋಲ್ಡ್."

ಆ ಯಂತ್ರದಲ್ಲಿ ಅಂಥದೊಂದು ಗುಂಡಿ ಇದೆ. ಅದನ್ನು ಒತ್ತಿದರೆ ಪರದೆ ಈಗಿನದನ್ನು ತೋರಿಸುವುದಿಲ್ಲ. ತಾನು ಈವರೆಗೆ ಕಂಡ ಅತಿ ಎತ್ತರವನ್ನು ನೆನಪಿಟ್ಟುಕೊಂಡು ಅದನ್ನೇ ಹಿಡಿದು ನಿಲ್ಲುತ್ತದೆ. ಒಂದು ಗೆರೆ ಕ್ಷಣಮಾತ್ರ ಎದ್ದು ಬಿದ್ದರೂ ಸಾಕು, ಬಿದ್ದದ್ದು ಕಾಣುವುದಿಲ್ಲ.

"ಯಾರು ಹಾಕಿದ್ದು?"

"ನಾನೇ ಅಕ್ಕ. ಶುರುವಿನಲ್ಲಿ ಗೆರೆ ಎಲ್ಲೆಲ್ಲಿದೆ ಅಂತ ಹುಡುಕೋಕೆ. ಆಮೇಲೆ ದಿನಾ ಮೊದಲಿಂದ ಹೊಂದಿಸೋ ರಗಳೆ ಬೇಡ ಅಂತ ಹಾಗೇ ಉಳಿಸಿಟ್ಟೆ. ತೆಗೀಬೇಕಿತ್ತು. ಮರೆತೆ."

ದಿನವೂ ಬೆಳಿಗ್ಗೆ ಆ ಉಳಿಸಿಟ್ಟ ಹೊಂದಿಕೆಯನ್ನೇ ಯಂತ್ರಕ್ಕೆ ಹಾಕುತ್ತಿದ್ದವಳು ಅವಳು. ಆ ಮೂಲೆಯ ಅಕ್ಷರಗಳನ್ನು ಅವಳೂ ದಿನವೂ ನೋಡಿದ್ದಳು, ಗೋಡೆಯ ಮೇಲಿನ ಕಲೆಯನ್ನು ನೋಡುವ ಹಾಗೆ.

ತುದಿ ಸಿಕ್ಕಿಸಿ, ಕೀಲಿ ತಿರುಗಿಸಿ, ಆ ಗುಂಡಿಯನ್ನು ಬಿಡಿಸಿದಳು. ನಾಲ್ಕು ಗೆರೆ ಮಾಯವಾಗಿ ಒಂದೇ ಒಂದು ಉಳಿಯಿತು. ಹೊಟ್ಟೆ ತುಂಬ ಉಂಡ ಯಜಮಾನನಂತೆ ನಿಂತಿತ್ತು ಅದು. ಅವಳು ಸಹಿಸಲಾರದೆ ಕಿಟಕಿಯತ್ತ ನಡೆದಳು. ಹಲಗೆ ಟಕ್ ಎಂದಿತು.

"ಅಕ್ಕ! ಹಾರ್ತು!"

ಗೆರೆ ಪಕ್ಕದ ಜಾಗಕ್ಕೆ ಹಾರಿತ್ತು. ಅವಳು ವಾಪಸು ಬಂದಳು. ಅದು ಇನ್ನೊಂದು ಕಡೆ ಜಿಗಿಯಿತು. ಹೆಜ್ಜೆಗೆ ನೆಲ ಅದುರುತ್ತದೆ, ನೆಲಕ್ಕೆ ಮೇಜು, ಮೇಜಿಗೆ ಎಳೆ. ಎಳೆ ಅಷ್ಟು ಅದುರಿದರೆ ಸಾಕು, ಬಲವಾಗಿದ್ದದ್ದು ಸೋತು ಪಕ್ಕದ್ದು ಗೆಲ್ಲುತ್ತದೆ. ಇದ್ದದ್ದು ಯಾವಾಗಲೂ ಒಂದೇ ಗೆರೆ, ನಾಲ್ಕು ಜಾಗಗಳಲ್ಲಿ ಕುಣಿಯುತ್ತ. ಪರದೆ ಅದರ ಒಂದೊಂದು ನಿಲುವನ್ನೂ ಹಿಡಿದು ಅಂಟಿಸಿಕೊಟ್ಟಿತ್ತು. ಎಳೆ ಬೆಚ್ಚಗಾಗಲು ಹೊತ್ತು ಹಿಡಿಯುತ್ತಿರಲಿಲ್ಲ. ಅವಳು ಕೋಣೆ ಸುತ್ತಲು ಹೊತ್ತು ಹಿಡಿಯುತ್ತಿತ್ತು. ಆಗತ್ತೆಯ ಶಾಸ್ತ್ರವೇ ಸರಿ, ಪ್ರಬಂಧವೇ ತಪ್ಪು.

ಅವಳಿಗೆ ಅಮ್ಮನ ಗೋಡೆಯ ಫೋಟೋ ನೆನಪಾಯಿತು. ನಗು ಬರಲಿಲ್ಲ.

"ಅಕ್ಕ, ಒಂದು ಮಾತು ಹೇಳ್ತೀನಿ, ಬಯ್ಬೇಡಿ," ಎಂದ ಆಗತ್ತೆ, ಬಾಗಿಲ ಕಡೆ ನೋಡಿಕೊಂಡು. "ಆ ಗುಂಡಿ ಮತ್ತೆ ಹಾಕ್ಬಿಡ್ತೀನಿ. ಅವರು ಬರ್ತಾರೆ, ನೋಡ್ತಾರೆ, ಹೋಗ್ತಾರೆ. ನಾವೇ ಇಷ್ಟು ದಿನ ನೋಡ್ಲಿಲ್ಲ, ಅವರು ನೋಡ್ತಾರಾ? ಆಮೇಲೆ ನಿಧಾನವಾಗಿ ಸರಿಮಾಡೋಣ. ಆಗತ್ತೆ."

ಅವಳ ಬೆರಳು ಗುಂಡಿಯ ಹತ್ತಿರವೇ ಇತ್ತು. ಒತ್ತಿದರೆ ಸಾಕು; ಬಾಗಿಲಿನಿಂದ ಕಿಟಕಿಗೆ ಒಂದು ಸುತ್ತು ಹಾಕಿ ಬಂದರೆ ನಾಲ್ಕೂ ತಲೆ ಎತ್ತಿ ನಿಲ್ಲುತ್ತವೆ. ಅಮ್ಮನಿಗೆ ಫೋನು ಮಾಡಬಹುದು. ಅಣ್ಣ 'ಇನ್ನೂ ಎಷ್ಟು ವರ್ಷ ಓದ್ತೀಯ?' ಎನ್ನುವುದನ್ನು ನಿಲ್ಲಿಸುತ್ತಾನೆ. ಗುಂಡಿ ತಣ್ಣಗಿತ್ತು, ನಯವಾಗಿತ್ತು. ಅವಳು ಒತ್ತಿಯೂ ಬಿಟ್ಟಳು. ಒಂದು ಹೆಜ್ಜೆ ಇಟ್ಟಳು. ಎರಡನೆಯ ಗೆರೆ ಎದ್ದಿತು.

"ಹ್ಞಾ, ಹಂಗೆ," ಎಂದ ಆಗತ್ತೆ, ಮೆಲ್ಲಗೆ.

ಮೂರನೆಯದು ಏಳಬೇಕಾದರೆ ಇನ್ನೊಂದು ಹೆಜ್ಜೆ ಬೇಕಿತ್ತು. ಕಾಲು ಏಳಲಿಲ್ಲ. ಹುಟ್ಟಿದಾಗಿನಿಂದ ಒಂದು ಕಡೆ ನಿಲ್ಲದ ಕಾಲು.

"ತೆಗಿ ಅದನ್ನ," ಎಂದಳು. "ಮೇಷ್ಟ್ರನ್ನ ಕರಿ."

ಮೇಷ್ಟ್ರು ಬಂದರು, ಕೈಯಲ್ಲಿ ಪರೀಕ್ಷಕಿಗೆಂದು ಹಿಡಿದ ಹೂವಿನ ಗುಚ್ಛದೊಂದಿಗೆ. ಅವಳು ಹೇಳಿದ್ದನ್ನು ನಿಂತೇ ಕೇಳಿದರು. ಗುಚ್ಛ ಇಡಲು ಜಾಗ ಹುಡುಕಿದರು, ಸಿಗದೆ ಆಗತ್ತೆಯ ಕೈಗೆ ಕೊಟ್ಟರು. ಪರದೆಯ ಮುಂದೆ ಕೂತು, "ನಡಿ, ನೋಡೋಣ," ಎಂದರು. ಅವಳು ನಡೆದಳು. ಗೆರೆ ಹಾರಿತು. ಇನ್ನೊಮ್ಮೆ ನಡೆಸಿದರು. ಮತ್ತೆ ಹಾರಿತು.

"ನಿನ್ನ ತಾಳಕ್ಕೆ ಕುಣೀತಿದೆಯಲ್ಲೇ ಇದು," ಎಂದು ಸಣ್ಣಗೆ ನಕ್ಕರು. ಆಮೇಲೆ ಕನ್ನಡಕ ತೆಗೆದು ಮುಖ ಉಜ್ಜಿಕೊಂಡರು. "ಒಂದು ಚೂರೂ ಮಿಸುಕಲ್ಲ ಅಂತ ಊರೆಲ್ಲ ಸಾರಿದೆ. ಯಾವುದಾದ್ರೂ ಒಂದು ಚೂರೂ ಮಿಸುಕದೆ ಇದ್ರೆ ಅನುಮಾನ ಪಡ್ಬೇಕು ಅಂತ ನನ್ನ ತಲೆಗೆ ಹೊಳೀಲಿಲ್ಲ ನೋಡು."

"ನನ್ನ ತಲೆಗೂ ಹೊಳೀಲಿಲ್ಲ ಸಾರ್."

"ಅವರಿಗೆ ಫೋನು ಮಾಡಿ, ಯಂತ್ರ ಕೆಟ್ಟಿದೆ, ಇನ್ನೊಂದು ದಿನ ಬನ್ನಿ ಅನ್ನಲಾ?"

"ಯಂತ್ರ ಕೆಟ್ಟಿಲ್ಲ ಸಾರ್. ಅದೊಂದೇ ಸರಿಯಾಗಿರೋದು."

ಅವಳು ಮತ್ತೆ ನಡೆಯತೊಡಗಿದಳು. ನಡೆದಂತೆಲ್ಲ ಪರದೆಯಲ್ಲಿ ಗೆರೆ ಹಿಂದೆ ಮುಂದೆ ಜಿಗಿಯಿತು. ತನ್ನ ತಲೆಯೊಳಗಿನದನ್ನೇ ಯಾರೋ ಹೊರಗೆ ಹಾಕಿ ತೋರಿಸುತ್ತಿದ್ದಾರೆ ಎನ್ನಿಸಿತು ಅವಳಿಗೆ.

"ತಣ್ಣಗೆ ಮಾಡಿ ನೋಡ್ತೀನಿ," ಎಂದಳು, ಇದ್ದಕ್ಕಿದ್ದಂತೆ.

"ಕೋಣೆಯ ಬಿಸಿಯಲ್ಲಿ ಅಂತ ಪ್ರಬಂಧದ ಹೆಸರಲ್ಲೇ ಇದೆಯಲ್ಲಮ್ಮ. ತಣ್ಣಗೆ ಮಾಡಿದ್ರೆ ನಾವೇ ಸೋತ್ವಿ ಅಂದ ಹಾಗೆ."

"ಸೋತಾಗಿದೆ ಸಾರ್. ಅವರು ಅಷ್ಟು ದೂರದಿಂದ ಬರ್ತಿದ್ದಾರೆ. ಏನಾದ್ರೂ ನಿಜವಾದದ್ದು ತೋರ್ಸೋಣ."

ಮೇಷ್ಟ್ರು ಗೋಡೆ ನೋಡಿದರು, ಪರದೆ ನೋಡಿದರು, ಕೊನೆಗೆ ಆಗತ್ತೆಯನ್ನು ನೋಡಿದರು. "ಆಚೆ ಕಟ್ಟಡದಲ್ಲಿ ದ್ರವ ಸಾರಜನಕ ಇರತ್ತೆ. ಕೊಡ್ತಾರೇನೋ ಕೇಳು."

ಆಗತ್ತೆ ಹೂವಿನ ಗುಚ್ಛ ಹಿಡಿದುಕೊಂಡೇ ಓಡಿದ. ಹಿಂದಿರುಗಿದಾಗ ಕೈಯಲ್ಲಿ ದಪ್ಪ ಹೊಟ್ಟೆಯ ಉಕ್ಕಿನ ಫ್ಲಾಸ್ಕು, ಅದರ ಬಾಯಿಂದ ಬಿಳಿ ಹೊಗೆ ಇಳಿಯುತ್ತಿತ್ತು. ಹೂವಿರಲಿಲ್ಲ.

"ಕೊಡಲ್ಲ ಅಂದ್ರು ಅಲ್ಲಿಯ ಮೇಡಂ. ಹೂವು ಕೊಟ್ಟೆ. ಆಯ್ತು."

ಅವಳು ಎರ್ಬಿಯಂ ಎಳೆಯನ್ನು ಅಂಗೈಯಗಲದ ಸುರುಳಿ ಮಾಡಿ ಥರ್ಮೋಕೋಲ್ ಡಬ್ಬಿಯೊಳಗೆ ಇಳಿಸಿದಳು. ಮೇಷ್ಟ್ರು ತಾವೇ ದಪ್ಪ ಕೈಗವಸು ಹಾಕಿಕೊಂಡು ದ್ರವ ಸುರಿಯತೊಡಗಿದರು. ಅದು ಕುದಿಯುವ ನೀರಿನಂತೆ ಭೋರೆಂದು ಉಕ್ಕಿ, ಮೇಜಿನಂಚಿನಿಂದ ಹೊಗೆಯಾಗಿ ನೆಲಕ್ಕೆ ಹರಿಯಿತು. ಅದೇ ಹೊತ್ತಿಗೆ ಬಾಗಿಲಲ್ಲಿ ಪರೀಕ್ಷಕಿ ನಿಂತಿದ್ದರು, ಹೇಳಿದ್ದಕ್ಕಿಂತ ಮೊದಲೇ.

"ಕೋಣೆಯ ಬಿಸಿ ಅಂತ ಓದಿದ ನೆನಪು," ಎಂದರು, ಹೊಗೆಯನ್ನು ನೋಡುತ್ತ.

ಮೇಷ್ಟ್ರು ಬಾಯಿ ತೆರೆದರು. ಪಾದರಸ ಅವರಿಗಿಂತ ಮುಂದೆ ಬಂದಳು. ಮ್ಯಾಕ್ಸ್ ಹೋಲ್ಡ್, ಬಿಚ್ಚಿದ ತುದಿ, ಹಾರುವ ಗೆರೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಹೇಳುತ್ತ ಹೇಳುತ್ತ ಎರಡು ಸಲ ಕಿಟಕಿಗೆ ಹೋಗಿ ಬಂದಳು. ಪರೀಕ್ಷಕಿಯ ಕಣ್ಣು ಅವಳ ಕಾಲುಗಳ ಮೇಲಿತ್ತು.

"ಹಾಗಾದ್ರೆ ನಾನು ನಿದ್ದೆಗೆಟ್ಟು ಓದಿದ ಮೂರನೇ ಅಧ್ಯಾಯ? ಬೆಚ್ಚಗಾಗೋ ಹೊತ್ತು, ಅದರ ಲೆಕ್ಕ, ಅದರ ನಕ್ಷೆ?"

"ಅದು ನನ್ನ ಕಾಲಿನ ಅಧ್ಯಾಯ ಮೇಡಂ. ಗಾಜಿನ ಎಳೆಯದಲ್ಲ."

ಆಗತ್ತೆಗೆ ನಗು ತಡೆಯಲಾಗದೆ ಕೆಮ್ಮು ಬಂತು. ಪರೀಕ್ಷಕಿ ನಗಲಿಲ್ಲ. ಪರ್ಸನ್ನು ಕುರ್ಚಿಯ ಮೇಲಿಟ್ಟು ಪರದೆಯ ಮುಂದೆ ಬಂದರು. "ಗುಂಡಿ ನಾನು ಒತ್ತುತ್ತೀನಿ. ನೀವ್ಯಾರೂ ಮುಟ್ಬೇಡಿ." ಎಲ್ಲವನ್ನೂ ಬಿಡಿಸಿ, ಮೂಲೆಯ ಅಕ್ಷರಗಳನ್ನು ಮೂಗು ತಾಗುವಷ್ಟು ಹತ್ತಿರದಿಂದ ಓದಿ, "ಹಾಕಿ ಬೆಳಕು," ಎಂದರು.

ಕೀಲಿ ತಿರುಗಿತು. ಮೊದಲು ಒಂದೇ ಗೆರೆ, ಮೊದಲಿನಷ್ಟೇ ಸೊಕ್ಕಿನಿಂದ. ಮೇಷ್ಟ್ರು ಇನ್ನಷ್ಟು ಸುರಿದರು. ಡಬ್ಬಿಯೊಳಗಿನ ಭೋರ್ಗರೆತ ಇಳಿಯುತ್ತ ಇಳಿಯುತ್ತ ಸಣ್ಣ ಪಿಸುಮಾತಾಯಿತು. ದೊಡ್ಡ ಗೆರೆ ಕುಗ್ಗಿತು. ಅದು ಬಿಟ್ಟುಕೊಟ್ಟಷ್ಟನ್ನು ಹಿಡಿದುಕೊಂಡು ಪಕ್ಕದಲ್ಲಿ ಇನ್ನೊಂದು ಎದ್ದಿತು. ತಡೆದು, ಆಚೆ ಬದಿಗೆ ಮತ್ತೊಂದು. ಮೂರು. ಕಲ್ಲಿನಲ್ಲಿ ಕೆತ್ತಿದ ಹಾಗಲ್ಲ. ತಲೆ ಅಲ್ಲಾಡಿಸುತ್ತ, ಉಸಿರಾಡುತ್ತ, ಆದರೆ ಮೂರೂ ಒಟ್ಟಿಗೆ.

ನಾಲ್ಕನೆಯದರ ಜಾಗ ಬರಿದಾಗಿಯೇ ಇತ್ತು. ಮೇಷ್ಟ್ರು ಫ್ಲಾಸ್ಕನ್ನು ಪೂರ್ತಿ ಬಗ್ಗಿಸಿದರು. ಕೊನೆಯ ಹನಿಯೂ ಬಿತ್ತು.

"ನಾಲ್ಕನೇದು?" ಎಂದರು ಪರೀಕ್ಷಕಿ.

"ಬರ್ಲಿಲ್ಲ ಮೇಡಂ."

"ಯಾಕೆ?"

"ಗೊತ್ತಿಲ್ಲ. ಆ ಬಣ್ಣಕ್ಕೆ ಎಳೆ ಬಡಿಸೋದೇ ಕಡಿಮೆ ಇರ್ಬೇಕು. ನೋಡ್ಬೇಕು."

"ಆಗತ್ತೆ ಬಿಡಿ," ಎಂದು ಆಗತ್ತೆ ಅಭ್ಯಾಸಬಲದಿಂದ ಅಂದು, ಮೇಷ್ಟ್ರು ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡ.

ಪರೀಕ್ಷಕಿ ಪೆನ್ನಿನ ಮುಚ್ಚಳ ತೆಗೆದರು, ಯೋಚಿಸಿದರು, ಮತ್ತೆ ಹಾಕಿದರು. "ಇವತ್ತು ಸಹಿ ಹಾಕಲ್ಲ."

"ಗೊತ್ತು ಮೇಡಂ."

"ಮೂರನೇ ಅಧ್ಯಾಯ ತೆಗೀರಿ. ಪ್ರಬಂಧದ ಹೆಸರು ಬದಲಾಯ್ಸಿ. ಇದನ್ನ ಬರೀರಿ, ಆ ಗುಂಡಿ ವಿಷಯಾನೂ ಬಿಡದೆ ಬರೀರಿ. ಇನ್ನೊಬ್ಬರು ಅದರಲ್ಲಿ ಬೀಳೋದು ಬೇಡ. ಬರೆದು ಕಳ್ಸಿ, ನಾನೇ ಮತ್ತೆ ಬರ್ತೀನಿ." ಅವಳಿಗೆ ಉತ್ತರಿಸಲು ಬಿಡದೆ ಕಿಟಕಿಯ ಕಡೆ ಕೈ ತೋರಿಸಿದರು. "ಈಗ ಓಡಾಡಿ."

"ಏನು ಮೇಡಂ?"

"ಓಡಾಡಿ ಅಂದೆ. ನಾನು ಬಂದಾಗಿನಿಂದ ಅದನ್ನೇ ಮಾಡ್ತಿದ್ರಿ, ಗೆರೆ ಬಂದ ಮೇಲೆ ಕಂಬ ಆಗಿದ್ದೀರಿ. ನಿಮ್ಮ ಕಾಲಿನ ಏಟಿಗೆ ಬೀಳದಿದ್ರೆ ತಾನೇ ಇವು ನಿಂತಿವೆ ಅನ್ನೋದು?"

ಪಾದರಸ ಆಗಲೇ ಗಮನಿಸಿದ್ದು: ಅವಳು ಅಷ್ಟು ಹೊತ್ತೂ ಬಾಗಿಲ ಪಕ್ಕದಲ್ಲಿ ಒಂದೇ ಕಡೆ ನಿಂತಿದ್ದಳು. ಮೊದಲ ಹೆಜ್ಜೆಯನ್ನು ಮಲಗಿದ ಕೂಸಿನ ಪಕ್ಕ ಇಡುವಂತೆ ಇಟ್ಟಳು. ಎರಡನೆಯದು ಅಷ್ಟೇ ಮೆಲ್ಲಗೆ. ಆಮೇಲೆ ತನ್ನ ನಡಿಗೆ ತನಗೆ ಬಂತು. ಕಿಟಕಿಯ ಹತ್ತಿರದ ಹಲಗೆಯನ್ನು ಬಳಸಿಕೊಂಡು ಹೋಗಬಹುದಿತ್ತು. ಅವಳು ಅದರ ಮೇಲೆಯೇ ಕಾಲಿಟ್ಟಳು.

ಹಲಗೆ ಟಕ್ ಎಂದಿತು. ಪರದೆಯಲ್ಲಿ ಮೂರೂ ಗೆರೆಗಳು ಒಮ್ಮೆ ತಲೆ ತೂಗಿದವು. ಒಂದೂ ಜಾಗ ಬಿಡಲಿಲ್ಲ.